ಬೈಂದೂರಿಗೆ ಹೋಗಿ ಬರುವಷ್ಟು ಹೊತ್ತು

ಸುದ್ದಿ ಕೊಟ್ಟಿದ್ದು ಬೈಂದೂರು ಬಸ್ಸಿನ ಕಂಡಕ್ಟರ್. ಡಿಸೆಂಬರ್ ಶುರುವಾಗಿ ವಾರ ಕಳೆದಿರಲಿಲ್ಲ. ಐಸಿಂಗ್ ಸಕ್ಕರೆ ತರೋಣವೆಂದು ಬಸ್ರೂರಿನಿಂದ ಕುಂದಾಪುರಕ್ಕೆ ಬಂದು ಬಸ್ ಸ್ಟ್ಯಾಂಡಿನಲ್ಲಿ ಇಳಿದಿದ್ದೆನಷ್ಟೆ. ಎದುರಿಗೆ ಹೊರಟು ನಿಂತಿದ್ದ ಬಸ್ಸಿನ ಬಾಗಿಲಿನಿಂದ ಅವನು ಕೂಗಿದ.

"ಹ್ವಾಯ್ ಬಸ್ರೂರಕ್ಕ, ನಿಮ್ ಟೀಚರ್ ತೀರ್ಕಂಡ್ರಂಬ್ರಲೆ. ಗೊತ್ತಿಲ್ಯಾ?"

"ಯಾವಾಗ? ಎಲ್ಲಿ?"

"ದೀಪಾವಳಿ ಕಳ್ದ್ ಮೇಲೆ. ಉಪ್ಪುಂದದಗೆ, ಅಣ್ಣನ ಮನೆಯಗೆ."

"ಉಪ್ಪುಂದದಗೆ ಇಳ್ದಿರಾ ಅವ್ರ್?"

ಸಾವಿನ ಸುದ್ದಿ ಕೇಳಿದವಳು ಹೀಗೊಂದು ಪ್ರಶ್ನೆ ಕೇಳಿದ್ದಕ್ಕೆ ಅವನು ನನ್ನ ಮುಖ ನೋಡಿದ. "ಹೌದ್ ಮಾರಾಯ್ರೆ, ಇಳ್ದಿರ್. ಮಳಿಗಾಲ ಶುರು ಆಪುಕ್ ಮುಂಚೆ ನಾನೇ ಇಳ್ಸಿದ್ದ್," ಅಂದು ಸೀಟಿ ಊದಿದ. ಬಸ್ಸು ಹೊರಟಿತು.

ಸಕ್ಕರೆ ಮರೆತೇ ಹೋಯಿತು. ಅಲ್ಲಿದ್ದ ಬೆಂಚಿನಲ್ಲಿ ಸ್ವಲ್ಪ ಹೊತ್ತು ಕೂರೋಣವೆಂದು ಹೋದೆ, ಕೂರಲಾಗಲಿಲ್ಲ. ಸ್ಟ್ಯಾಂಡಿನ ಈ ತುದಿಯಿಂದ ಆ ತುದಿಗೆ, ಆ ತುದಿಯಿಂದ ಈ ತುದಿಗೆ ನಡೆದೆ. ಸತ್ತವರನ್ನು ನೆನೆದು ಒಂದು ಕಡೆ ಕೂತು ಅಳಬೇಕು ಅನ್ನುತ್ತಾರೆ. ಈ ಹೆಂಗಸು ಬದುಕಿದ್ದಾಗ ತಾನೂ ಕೂರಲಿಲ್ಲ, ನಮ್ಮನ್ನೂ ಕೂರಲು ಬಿಡಲಿಲ್ಲ. ಸತ್ತ ಮೇಲೂ ಬಿಡುವ ಅಂದಾಜು ಕಾಣಲಿಲ್ಲ.

ಅವರ ಹೆಸರು ನನಗೆ ಕೊನೆಯವರೆಗೂ ಗೊತ್ತಾಗಲಿಲ್ಲ. ನಾವು ಟೀಚರ್ ಅನ್ನುತ್ತಿದ್ದೆವು. ಅವರು ನಮ್ಮನ್ನು ಊರಿನ ಹೆಸರು ಹಿಡಿದೇ ಕರೆಯುತ್ತಿದ್ದರು. ನಾನು ಬಸ್ರೂರಕ್ಕ. ಕ್ಲಾಸಿನಲ್ಲಿ ನನ್ನ ಪಕ್ಕ ನಿಲ್ಲುತ್ತಿದ್ದ ಹುಡುಗಿ ಬರೀ ಸಾಲಿಗ್ರಾಮ. ಕ್ಲಾಸಿನ ಬಾಗಿಲಿಗೆ ಅಂಟಿಸಿದ್ದ ಕಾಗದದಲ್ಲೂ ಹೆಸರಿರಲಿಲ್ಲ. "ಕ್ರಿಸ್‌ಮಸ್ ಕುಕ್ಕಿಗೆ ಐಸಿಂಗ್ ಹಾಕಲು ಕಲಿಸಲಾಗುವುದು. ಏನೂ ಗೊತ್ತಿಲ್ಲದವರು ಮಾತ್ರ ಬನ್ನಿ" ಎಂದಷ್ಟೇ ಇತ್ತು. ಕುಕ್ಕಿ ಅಂದರೆ ಬಿಸ್ಕತ್ತು, ಐಸಿಂಗ್ ಅಂದರೆ ಅದರ ಮೇಲಿನ ಸಕ್ಕರೆಯ ಲೇಪ. ಏನೂ ಗೊತ್ತಿಲ್ಲದವರು ಅಂದದ್ದು ವಿನಯದ ಮಾತಲ್ಲ, ಷರತ್ತು. ಮೊಬೈಲಿನಲ್ಲಿ ನೋಡಿ ಅರ್ಧ ಕಲಿತು ಬಂದಿದ್ದ ಒಬ್ಬ ಹೆಂಗಸನ್ನು ಮೊದಲ ದಿನವೇ ಮೆಟ್ಟಿಲಿನಿಂದ ವಾಪಸು ಕಳಿಸಿದರು. "ನೀವ್ ಕಲ್ತದ್ದ್ ಮರ್ಸುಕೆ ನಂಗ್ ಪುರ್ಸೊತ್ತಿಲ್ಲೆ" ಅಂದಿದ್ದರು.

ಬಸ್ ಸ್ಟ್ಯಾಂಡಿನ ಹತ್ತಿರ ಟೈಲರ್ ಅಂಗಡಿಯ ಮೇಲಿನ ಒಂದು ಕೋಣೆ. ಉದ್ದದ ಮೇಜು, ಎರಡು ಫ್ಯಾನು, ಒಂದು ಓವನ್. ಕುರ್ಚಿ ಎಂಬ ವಸ್ತುವೇ ಇಲ್ಲ. ಟೀಚರ್ ಸಣಕಲು ಮೈಯ ಹೆಂಗಸು, ನನ್ನದೇ ವಯಸ್ಸು ಇರಬಹುದು. ಚೂಡಿದಾರದ ಮೇಲೆ ಬಿಳಿ ಏಪ್ರನ್, ದಾರ ಕಟ್ಟಿ ಕುತ್ತಿಗೆಗೆ ಇಳಿಬಿಟ್ಟ ಕನ್ನಡಕ, ಕಾಲಿಗೆ ಯಾವಾಗಲೂ ಬೂಟು. ಉಪ್ಪುಂದದ ಮೀನುಗಾರರ ಮನೆಯಲ್ಲಿ ಹುಟ್ಟಿ, ಸಣ್ಣ ಹುಡುಗಿಯಾಗಿದ್ದಾಗಲೇ ಮುಂಬೈಗೆ ಹೋಗಿ, ಅಲ್ಲಿ ಯಾವುದೋ ಕೇಕಿನ ಅಂಗಡಿಯ ಹಿಂದಿನ ಕೋಣೆಯಲ್ಲಿ ಬದುಕನ್ನೆಲ್ಲ ಕಳೆದು ಬಂದವರು. ಹಾಗಾಗಿ ಮಾತು ಅರ್ಧ ಕುಂದಾಪ್ರ, ಅರ್ಧ ಹಿಂದಿ. ಬೈಯುವುದೆಲ್ಲ ಹಿಂದಿ, ಸಮಾಧಾನ ಮಾಡುವುದು ಕುಂದಾಪ್ರ. ಹಿಂದಿಯೇ ಹೆಚ್ಚು ಕೇಳಿಸುತ್ತಿತ್ತು.

ಐವತ್ತು ದಾಟಿದ ನಾನು ಸಕ್ಕರೆಯಲ್ಲಿ ಚುಕ್ಕಿ ಇಡಲು ಯಾಕೆ ಹೋದೆ ಎಂದು ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ.

ನಮ್ಮ ಒಬ್ಬಳೇ ಮಗಳು ಬ್ರಹ್ಮಾವರದ ಕ್ರಿಶ್ಚಿಯನ್ ಹುಡುಗನನ್ನು ರಿಜಿಸ್ಟರ್ ಮದುವೆಯಾಗಿದ್ದಳು. ನಮ್ಮ ಮನೆಯವರು ಕೂಗಾಡಲಿಲ್ಲ, ಜಗಳ ತೆಗೆಯಲಿಲ್ಲ. ಆ ದಿನದಿಂದ ಅವಳ ಹೆಸರು ಹೇಳುವುದನ್ನು ಬಿಟ್ಟರು, ಅಷ್ಟೆ. ಅವರದು ಒಣಮೀನಿನ ವ್ಯಾಪಾರ. ಮನೆಯಲ್ಲಿ ಮಗಳ ಮಾತು ಬಂತೋ, ಎದ್ದು ಮೀನಿನ ಚೀಲ ಸರಿಸಲು ಹೋಗುತ್ತಿದ್ದರು. ನಾನು ಫೋನಿನಲ್ಲಿ ಮಾತಾಡಿದರೆ ಬೇಡ ಅನ್ನಲಿಲ್ಲ. ಆದರೆ ಅವಳ ಮನೆಗೆ ಹೋಗುತ್ತೇನೆ ಅನ್ನುವ ಮಾತಿಗೆ ಜಾಗವೇ ಇರಲಿಲ್ಲ.

ಮದುವೆಯಾದ ಮೊದಲ ಕ್ರಿಸ್‌ಮಸ್ಸಿಗೆ ಹುಡುಗನ ತಾಯಿ ಒಂದು ಸ್ಟೀಲಿನ ತಟ್ಟೆ ತುಂಬ ಕುಸ್ವಾರ್, ಅಂದರೆ ಅವರ ಹಬ್ಬದ ತಿಂಡಿ, ಕಸೂತಿ ಬಟ್ಟೆ ಮುಚ್ಚಿ ಯಾರದೋ ಕೈಯಲ್ಲಿ ಕೊಟ್ಟು ಕಳಿಸಿದರು. "ವಾಪಾಸ್ ಕಳ್ಸ್" ಅಂದರು ನಮ್ಮವರು. ಅಷ್ಟರಲ್ಲಿ ತಂದವರು ಹೋಗಿಯಾಗಿತ್ತು. ತಿಂಡಿ ಅಕ್ಕಪಕ್ಕದ ಮನೆಗಳ ಪಾಲಾಯಿತು, ತಟ್ಟೆ ನಮ್ಮಲ್ಲೇ ಉಳಿಯಿತು. ನಮ್ಮ ಕಡೆ ತಿಂಡಿ ಬಂದ ತಟ್ಟೆಯನ್ನು ಬರಿದಾಗಿ ವಾಪಸು ಕೊಡುವುದಿಲ್ಲ. ಏನೂ ಇಲ್ಲದಿದ್ದರೆ ಒಂದು ಹಿಡಿ ಸಕ್ಕರೆಯಾದರೂ ಹಾಕಿ ಕೊಡಬೇಕು. ಇಂಥದ್ದರಲ್ಲೆಲ್ಲ ನಮ್ಮವರು ನನಗಿಂತ ಕಟ್ಟುನಿಟ್ಟು.

ವರ್ಷವಿಡೀ ಆ ತಟ್ಟೆ ಕಪಾಟಿನ ಮೇಲೆ ಕೂತು ನನ್ನನ್ನು ನೋಡಿತು. ಅದನ್ನು ಒರೆಸಿದ್ದೇ ಒರೆಸಿದ್ದು. ಮುಂದಿನ ಡಿಸೆಂಬರ್ ಬಂದಾಗ ತಡೆಯಲಾಗದೆ ಕೇಳಿದೆ.

"ಬೇರೆಯವ್ರ್ ತಟ್ಟಿ ನಮ್ಮನಿಯಗೆ ಎಷ್ಟ್ ದಿನ ಅಂತ ಇಟ್ಕಂಬುದ್? ಕೊಡ್ಕಲೆ."

ನಮ್ಮವರು ಚೀಲದ ಬಾಯಿ ಹೊಲಿಯುತ್ತಿದ್ದರು. ಹೊಲಿಗೆ ಮುಗಿಸಿ ದಾರ ಕಡಿದ ಮೇಲೆ, "ಬರೀ ತಟ್ಟಿ ಕೊಡುಕಾಗ" ಅಂದರು. ಅವರೇನು ಅಂದುಕೊಂಡು ಹೇಳಿದರೋ, ನನಗೆ ಆ ಮಾತು ಸಾಕಾಯಿತು. ಬೇಕಿದ್ದರೆ ಕಡುಬು ಮಾಡಿ ಕೊಡಬಹುದಿತ್ತು, ಹೋಳಿಗೆ ಮಾಡಬಹುದಿತ್ತು. ನನಗೆ ಅವರ ಹಬ್ಬದ್ದೇ ಏನಾದರೂ ಆಗಬೇಕಿತ್ತು. ಆ ಮನೆಯ ನಾಲ್ಕು ಜನರ ಎದುರು ನನ್ನ ಮಗಳು, "ಇದು ನನ್ನಮ್ಮ ಕಲಿತು ಮಾಡಿದ್ದು" ಅನ್ನಬೇಕಿತ್ತು. ಅದೊಂದೇ ಆಸೆಗೆ ನಾನು ಆ ಮೆಟ್ಟಿಲು ಹತ್ತಿದ್ದು.

ಮೊದಲ ದಿನ ಟೀಚರ್ ನಮ್ಮ ತಲೆ ಮೂಸಿದರು. ಸುಳ್ಳಲ್ಲ, ಸಾಲಾಗಿ ನಿಲ್ಲಿಸಿ ಒಬ್ಬೊಬ್ಬರದೂ ಮೂಸಿದರು. ತೆಂಗಿನೆಣ್ಣೆ ಹಚ್ಚಿದ ತಲೆ ಮುಟ್ಟಿದ ಕೈಯಲ್ಲಿ ಐಸಿಂಗ್ ಕಲಸಿದರೆ ಮೊಟ್ಟೆಯ ಬಿಳಿ ನೊರೆ ಏಳುವುದೇ ಇಲ್ಲವಂತೆ. "ಕರಾವಳಿ ಹೆಂಗ್ಸ್ರಿಗೆ ಐಸಿಂಗ್ ಬಪ್ದಿಲ್ಲ ಅಂತ ಮುಂಬೈಯಗೆ ಹೇಳ್ತಿದ್ರ್. ಕೈ ತಪ್ಪಲ್ಲ, ತಲಿ ತಪ್ಪ್" ಅಂದು ಎಲ್ಲರ ತಲೆಗೂ ಬಟ್ಟೆ ಕಟ್ಟಿಸಿ, ಲಿಂಬೆಹುಳಿ ಕೊಟ್ಟು ಕೈ ತೊಳೆಯಲು ಕಳಿಸಿದರು. ಮೊಟ್ಟೆಯ ಮಾತು ಕೇಳಿ ಸಾಲಿಗ್ರಾಮದ ಹುಡುಗಿಯ ಮುಖ ಸಣ್ಣದಾಯಿತು. ಅವರ ಮನೆಯಲ್ಲಿ ಮೊಟ್ಟೆ ಹೊಸಿಲು ದಾಟುವುದಿಲ್ಲ. "ಅಂಗ್ಡಿಯಗೆ ಪುಡಿ ಸಿಕ್ಕತ್ತ್," ಅಂದರು ಟೀಚರ್. "ಅದೂ ಮೊಟ್ಟಿದೇ ಪುಡಿ. ನಿಮ್ಮನಿಯವ್ರ್ ಕೇಂಡ್ರೆ ಪುಡಿ ಅಂತ ಹೇಳಿ." ಹುಡುಗಿ ನಗಬೇಕೋ ಬೇಡವೋ ತಿಳಿಯದೆ ನನ್ನ ಕಡೆ ನೋಡಿದಳು. ಆಮೇಲೆ ಕಲಿತಳು, ಮನೆಯವರಿಗೆ ಏನು ಹೇಳಿದಳೋ ನಾವು ಕೇಳಲಿಲ್ಲ.

ಕಲಿಸುವುದರಲ್ಲಿ ಗುಟ್ಟೇನೂ ಇರಲಿಲ್ಲ. ಐಸಿಂಗನ್ನು ಮೊದಲು ಗಟ್ಟಿಯಾಗಿ ಕಲಸಿ, ಕೋನ್ ಮಾಡಿ, ಕುಕ್ಕಿಯ ಅಂಚಿನಗುಂಟ ಗೆರೆ ಎಳೆಯಬೇಕು. ಅದು ಸ್ವಲ್ಪ ಒಣಗಿದ ಮೇಲೆ, ಇನ್ನೊಂದಿಷ್ಟನ್ನು ನೀರು ಬೆರೆಸಿ ತೆಳ್ಳಗೆ ಮಾಡಿ ಗೆರೆಯ ಒಳಗೆ ಬಿಡಬೇಕು. "ಗದ್ದೆ ಕಂಡದ್ದಿಲ್ಯಾ? ಮೊದ್ಲ್ ಕಂಟ ಕಟ್ಕ್, ಮತ್ತೆ ನೀರ್ ಬಿಡ್ಕ್" ಅಂದರು. ಕಂಟ ಅಂದರೆ ಗದ್ದೆಯ ಬದು. ಅಷ್ಟರಲ್ಲಿ ನಮಗೆಲ್ಲ ಅರ್ಥವಾಯಿತು. ಮೂಲೆಗೆ ಹೋಗದ ಐಸಿಂಗನ್ನು ಕಡ್ಡಿಯಿಂದ ಮೆಲ್ಲನೆ ಎಳೆಯಬೇಕು. ಗುಳ್ಳೆ ಕಂಡರೆ ಚುಚ್ಚಬೇಕು. ಪಾತ್ರೆಯಲ್ಲಿ ಉಳಿದದ್ದಕ್ಕೆ ಒದ್ದೆ ಬಟ್ಟೆ ಮುಚ್ಚಬೇಕು, ಇಲ್ಲದಿದ್ದರೆ ಅದು ಕಲ್ಲಾಗುತ್ತದೆ. ಹೊಸಬರಿಗೆ ಬಿಳಿ ಬಿಟ್ಟು ಬೇರೆ ಬಣ್ಣ ಇಲ್ಲ, ನಕ್ಷತ್ರ ಬಿಟ್ಟು ಬೇರೆ ಆಕಾರ ಇಲ್ಲ. ಬಣ್ಣ ಕೊಟ್ಟರೆ ತಪ್ಪು ಮುಚ್ಚಿಹೋಗುತ್ತದೆ ಎಂಬುದು ಅವರ ವಾದ.

ಕಷ್ಟ ಇದ್ದದ್ದು ಆಮೇಲೆ. ಐಸಿಂಗ್ ಹಾಕಿದ್ದು ಒಣಗಬೇಕು. ಒಣಗುವವರೆಗೆ ಮುಟ್ಟಬಾರದು. ನಮ್ಮ ಸಮುದ್ರದ ಗಾಳಿಯಲ್ಲಿ ಅದು ಬೇಗ ಒಣಗುವುದೂ ಇಲ್ಲ. ಮೊದಲ ದಿನ ನಾವೆಲ್ಲ ಮೇಜಿನ ಸುತ್ತ ಬಗ್ಗಿ ನಿಂತಿದ್ದೆವು. ಆಯಿತೋ ನೋಡೋಣ ಅಂತ ಒಬ್ಬಳು ಬೆರಳು ಇಟ್ಟಳು, ಆಮೇಲೆ ಇನ್ನೊಬ್ಬಳು. ನನ್ನ ನಕ್ಷತ್ರದ ನಡುವೆ ನನ್ನದೇ ಹೆಬ್ಬೆಟ್ಟಿನ ಗುರುತು ಬಿತ್ತು. ಟೀಚರ್ ಮೇಜು ತಟ್ಟಿದರು.

"ಚಲೋ, ಚಲೋ. ಎಲ್ಲ ಕೆಳಗಿಳಿನಿ. ಬಸ್ಸಿಗೆ ಹೊತ್ತಾಯ್ತ್."

"ಎಲ್ಲಿಗ್ ಹೋಪುದ್?"

"ಎಲ್ಲಿಗಾರೂ. ಕೈ ಸುಮ್ನೆ ಇಪ್ಪುದಿಲ್ಲೆ. ಅದಕ್ಕೆ ಕಾಲಿಗೆ ಕೆಲ್ಸ ಕೊಡುದ್."

ಹೀಗೆ ನಮ್ಮ ಕ್ಲಾಸು ಅರ್ಧ ಕೋಣೆಯಲ್ಲಿ, ಅರ್ಧ ಬಸ್ಸಿನಲ್ಲಿ ನಡೆಯಿತು. ಗೋಡೆಯಲ್ಲಿ ಗಡಿಯಾರವಿತ್ತು, ಟೀಚರ್ ಅದನ್ನು ನೋಡಿದ್ದು ನಾನು ಕಾಣೆ. ಅಂಚಿನ ಗೆರೆ ಒಣಗಲು ಬಸ್ರೂರಿಗೆ ಹೋಗಿ ಬರುವಷ್ಟು ಹೊತ್ತು. ಒಳಗೆ ತುಂಬಿದ್ದು ಸಿಪ್ಪೆ ಕಟ್ಟಲು ಬ್ರಹ್ಮಾವರ. ಅದರ ಮೇಲೆ ಮತ್ತೆ ಚುಕ್ಕಿ, ಬಳ್ಳಿ ಇಡಬೇಕಾದರೆ ಬೈಂದೂರಿಗೆ ಹೋಗಿ ಬರುವಷ್ಟು ಹೊತ್ತು. ಹೊಸಬರು ಯಾರಾದರೂ ಎಷ್ಟು ನಿಮಿಷ ಎಂದು ಕೇಳಿದರೆ, "ನಿಮಿಷ ಗಿಮಿಷ ನಂಗ್ ಗೊತ್ತಿಲ್ಲೆ, ಬೈಂದೂರ್" ಅನ್ನುತ್ತಿದ್ದರು. ಹೋದ ಊರಿನಲ್ಲಿ ಕೆಲಸವೇನೂ ಇರುತ್ತಿರಲಿಲ್ಲ. ಇಳಿದು ನಿಂತು ಚಾ ಕುಡಿಯುವುದು, ಮುಂದಿನ ಬಸ್ಸು ಹತ್ತಿ ವಾಪಸಾಗುವುದು. ಎಲ್ಲ ಬಸ್ಸಿನ ಕಂಡಕ್ಟರುಗಳಿಗೂ ಅವರ ಗುರುತಿತ್ತು. ಸೀಟು ಖಾಲಿ ಇದ್ದರೂ ಅವರು ಕೂರುತ್ತಿರಲಿಲ್ಲ. ಮುಂದಿನ ಬಾಗಿಲಿನ ಹತ್ತಿರದ ಕಂಬಿ ಹಿಡಿದು ನಿಲ್ಲುವುದೇ. ಕಂಡಕ್ಟರುಗಳು ಹೇಳಿ ಹೇಳಿ ಸೋತಿದ್ದರು.

ಯಾಕೆ ಕೂರುವುದಿಲ್ಲ ಎಂದು ಕೇಳಿದವರಿಗೆಲ್ಲ ಬೇರೆ ಬೇರೆ ಉತ್ತರ ಕೊಡುತ್ತಿದ್ದರು. ಸಾಲಿಗ್ರಾಮದ ಹುಡುಗಿಗೆ, ಮುಂಬೈಯ ಲೋಕಲ್ ರೈಲಿನಲ್ಲಿ ನಿಂತು ನಿಂತು ಕೂರುವುದೇ ಮರೆತುಹೋಗಿದೆ ಅಂದಿದ್ದರು. ಟೈಲರಿಗೆ, ಸೊಂಟ ನೋವು ಅಂದಿದ್ದರು. ನನಗೆ ಮಾತ್ರ ಒಂದು ದಿನ, ಮರವಂತೆಯಲ್ಲಿ ಬಸ್ಸು ಸಮುದ್ರದ ಪಕ್ಕ ಓಡುತ್ತಿರುವಾಗ, ಕೇಳದೆಯೇ ಹೇಳಿದರು. "ಕೂಕಂಡ್ರೆ ಎಲ್ಲ ನೆನ್ಪಾತ್ತ್, ಬಸ್ರೂರಕ್ಕ." ಅವರು ಹೊರಗೆ ನೋಡುತ್ತಾ ನಿಂತರು.

ಬೈಂದೂರಿನ ಬಸ್ಸು ಉಪ್ಪುಂದಕ್ಕೆ ಬಂದಾಗ ಅವರು ಬಾಗಿಲಿನಿಂದ ಬಗ್ಗುತ್ತಿದ್ದರು. ಸಮುದ್ರದ ಕಡೆ ಹೋಗುವ ಒಂದು ಓಣಿ ಇದೆ. ಅದು ಕಣ್ಣಿಗೆ ಬಿದ್ದು ಮರೆಯಾಗುವವರೆಗೆ ಬಗ್ಗಿಯೇ ಇರುತ್ತಿದ್ದರು. ಆಮೇಲೆ ನೆಟ್ಟಗಾಗಿ, ಏಪ್ರನ್ ಇಲ್ಲದಿದ್ದರೂ ಏಪ್ರನ್ ಸರಿಮಾಡಿಕೊಳ್ಳುವಂತೆ ಕೈಯಾಡಿಸುತ್ತಿದ್ದರು. ಒಮ್ಮೆ ಕೇಳಿಯೇ ಬಿಟ್ಟೆ.

"ಅಲ್ಲಿ ಯಾರ್ ಮನಿ ಟೀಚರೆ?"

"ಅಣ್ಣಂದ್."

"ಇಳಿದಿಲ್ಯಾ?"

"ಇನ್ನೂ ಹಸಿ ಇತ್ತ್. ಮುಟ್ಟುಕಾಗ."

ಏನಾಗಿತ್ತು, ಯಾವ ಕಾಲದ ಜಗಳ, ನಾನು ಕೇಳಲಿಲ್ಲ. ಯಾಕೆಂದರೆ ನನ್ನದೂ ಅದೇ ಕಥೆ, ಅದು ಅವರಿಗೂ ಗೊತ್ತಾಗಿತ್ತು. ಬ್ರಹ್ಮಾವರದಲ್ಲಿ ಬಸ್ಸಿಳಿದರೆ ನಾನು ಚಾ ಅಂಗಡಿಯ ಒಳಗೆ ಹೋಗಿ ರಸ್ತೆಗೆ ಬೆನ್ನು ಮಾಡಿ ನಿಲ್ಲುತ್ತಿದ್ದೆ. ಮಗಳ ಮನೆ ಅಲ್ಲಿಂದ ನಡೆದು ಹೋಗುವಷ್ಟೇ ದೂರ. ಅವಳು ಪೇಟೆಗೆ ಬಂದರೆ, ಎದುರು ಸಿಕ್ಕಿದರೆ, "ಇಲ್ಲಿವರೆಗೆ ಬಂದು ಮನೆಗೆ ಬರ್ಲಿಲ್ಯಾ ಅಮ್ಮ" ಅಂದರೆ ಏನು ಹೇಳಲಿ? ಅವಳು ಬರಲಿ ಎಂಬ ಆಸೆ ಒಂದು ಕಡೆ, ಕಂಡುಬಿಟ್ಟಾಳೆಂಬ ಹೆದರಿಕೆ ಇನ್ನೊಂದು ಕಡೆ. ಚಾ ಗ್ಲಾಸಿನಲ್ಲೇ ಆರಿಹೋಗುತ್ತಿತ್ತು. ಎರಡನೆಯ ಸಲವೇ ಟೀಚರ್ ನನ್ನ ಗ್ಲಾಸು ತೆಗೆದುಕೊಂಡು ಕೆಳಗಿಟ್ಟು, "ಯಾರ್ ಇದ್ದಿರ್ ಇಲ್ಲಿ?" ಎಂದು ಕೇಳಿದ್ದರು. ವಾಪಸು ಬರುವ ದಾರಿಯಲ್ಲಿ ತಟ್ಟೆಯ ಕಥೆಯೆಲ್ಲ ಹೇಳಿದ್ದೆ. ಅವರು ಸಮಾಧಾನವನ್ನೂ ಹೇಳಲಿಲ್ಲ, ಬುದ್ಧಿಯನ್ನೂ ಹೇಳಲಿಲ್ಲ. ಮರುದಿನದಿಂದ ನನ್ನ ಗೆರೆ ಸ್ವಲ್ಪ ಅಲುಗಿದರೂ ಕೆರೆದು ತೆಗೆಸತೊಡಗಿದರು. ನನಗೆ ಸಿಟ್ಟು ಬರುತ್ತಿತ್ತು. ಬೇರೆಯವರಿಗೆ ಬಿಟ್ಟದ್ದನ್ನು ನನಗೆ ಯಾಕೆ ಬಿಡುವುದಿಲ್ಲ ಎಂದು ಕೇಳಿದ್ದಕ್ಕೆ, "ಅವ್ರದ್ದ್ ಮಕ್ಕಳ್ ತಿಂತೊ. ನಿಮ್ದ್ ಬೀಗರ್ ಕಾಂತ್ರ್" ಅಂದರು.

ಹಬ್ಬ ಹತ್ತಿರ ಬಂತು. ನಾನು ಮನೆಯಲ್ಲೇ ಒಂದು ತಟ್ಟೆ ತುಂಬುವಷ್ಟು ನಕ್ಷತ್ರ ಬೇಯಿಸಿ, ಗೆರೆ ಎಳೆದು, ತುಂಬಿ, ಹೊರಕೋಣೆಯಲ್ಲಿ ಫ್ಯಾನು ಹಾಕಿ ಒಣಗಲಿಟ್ಟೆ. ಮಾರನೆಯ ದಿನ ನೋಡಿದರೆ ಒಂದಕ್ಕೂ ಬಿರುಕಿಲ್ಲ, ಗುಳ್ಳೆಯಿಲ್ಲ. ಹೆಮ್ಮೆಯಿಂದ ನೆಲಕ್ಕೆ ಕಾಲು ತಾಗುತ್ತಿರಲಿಲ್ಲ. ಡಬ್ಬಿಯಲ್ಲಿ ಜೋಡಿಸಿ ಟೀಚರಿಗೆ ತೋರಿಸಲು ಒಯ್ದೆ. ಅವರು ಕನ್ನಡಕ ಏರಿಸಿ ಒಂದನ್ನು ಎತ್ತಿ, ಅಂಚು ನೋಡಿ, ತಿರುಗಿಸಿ ನೋಡಿದರು. ಮೂಗಿನ ಹತ್ತಿರ ತಂದರು. ಮತ್ತೆ ತಂದರು.

"ಬಸ್ರೂರಕ್ಕ, ನಿಮ್ಮನಿಯವ್ರ ಯಾಪಾರ ಎಂತದ್?"

"ಒಣಮೀನ್."

"ಇದನ್ನ್ ಒಣಗ್ಸಿದ್ದ್ ಎಲ್ಲಿ?"

"ಹೊರ್ಗಿನ್ ಕೋಣಿಯಗೆ. ಚೀಲ ಇಡುವಲ್ಲಿ."

"ಚಟ್ಲಿ," ಅಂದರು ಟೀಚರ್. ಒಣ ಸಿಗಡಿ. ಸಾಲಿಗ್ರಾಮದ ಹುಡುಗಿ ಬಾಯಿಗೆ ಕೈ ಅಡ್ಡ ಹಿಡಿದಳು. ಉಳಿದವರು ನಕ್ಕೇ ಬಿಟ್ಟರು.

ಮದುವೆಯಾಗಿ ಬಂದಂದಿನಿಂದ ನಾನು ಒಣಮೀನಿನ ಚೀಲಗಳ ಪಕ್ಕದಲ್ಲೇ ಉಂಡು ಮಲಗಿದವಳು. ನಮ್ಮ ಮನೆಯಲ್ಲಿ ಅದಕ್ಕೆ ವಾಸನೆ ಇದೆ ಎಂದು ಯಾರಿಗೂ ಅನಿಸುವುದಿಲ್ಲ. ಸಕ್ಕರೆ ಸುತ್ತಲಿನ ವಾಸನೆಯನ್ನೆಲ್ಲ ಹೀರುತ್ತದೆ ಎಂದು ಟೀಚರ್ ಹೇಳಿದ್ದರು, ನಾನು ಬೆಳ್ಳುಳ್ಳಿ, ಈರುಳ್ಳಿಯನ್ನೆಲ್ಲ ದೂರ ಇಟ್ಟಿದ್ದೆ. ಮೀನಿನ ನೆನಪೇ ಆಗಿರಲಿಲ್ಲ. ಈ ತಟ್ಟೆಯನ್ನು ಆ ಮನೆಗೆ ಒಯ್ದಿದ್ದರೆ ಮಗಳ ತಲೆ ಎಲ್ಲಿಗೆ ಹೋಗುತ್ತಿತ್ತು? ಹಬ್ಬಕ್ಕೆ ಉಳಿದದ್ದು ಎರಡೇ ದಿನ. ನಾನು ಅಲ್ಲೇ ಮೇಜಿನ ಮೇಲೆ ತಲೆಯಿಟ್ಟು ಅತ್ತೆ. ನಾಚಿಕೆ ಆಗಲಿಲ್ಲ, ಸಿಟ್ಟು ಬಂತು. ಆ ಚೀಲಗಳ ಮೇಲೆ, ನಮ್ಮವರ ಮೇಲೆ, ತಟ್ಟೆ ಕಳಿಸಿದವರ ಮೇಲೆ.

ತಲೆಯೆತ್ತಿದಾಗ ಟೀಚರ್ ಆ ನಕ್ಷತ್ರವನ್ನು ತಿನ್ನುತ್ತಿದ್ದರು. ಕಿಟಕಿಯ ಕಡೆ ಮುಖ ಮಾಡಿ, ನಿಧಾನವಾಗಿ, ಒಂದೊಂದೇ ಮೂಲೆ ಮುರಿದು ತಿಂದರು. ಅಷ್ಟು ನಿಧಾನವಾಗಿ ಅವರು ಏನನ್ನಾದರೂ ಮಾಡಿದ್ದು ಅದೇ ಮೊದಲು. ಆಮೇಲೆ ಬಂದು ಡಬ್ಬಿಯ ಮುಚ್ಚಳ ಹಾಕಿದರು.

"ಇದ್ ಬ್ರಹ್ಮಾವರಕ್ಕೆ ಆತಿಲ್ಲೆ. ಇಷ್ಟೂ ನಂಗಿರ್ಲಿ."

"ಎಂತಕ್ಕೆ ಟೀಚರೆ, ಬಿಸಾಡುಕಾ?"

"ಬಿಸಾಡುದಾ?" ಅವರಿಗೆ ನಿಜವಾಗಿಯೂ ಕೋಪ ಬಂದಿತ್ತು. "ನಮ್ಮನಿ ಅಂಗ್ಳ ಇದ್ರಗಿತ್ತ್."

ಆಮೇಲೆ ಬೈಂದೂರಿಗೆ ಹೋದಾಗೆಲ್ಲ, ಉಪ್ಪುಂದ ಹತ್ತಿರ ಬರುತ್ತಿದ್ದಂತೆ ಅವರು ಚೀಲದಿಂದ ಒಂದು ನಕ್ಷತ್ರ ತೆಗೆದು ತಿನ್ನುತ್ತಿದ್ದರಂತೆ. ಇದನ್ನು ಹೇಳಿದ್ದು ಸಾಲಿಗ್ರಾಮದ ಹುಡುಗಿ.

ಹೊಸ ನಕ್ಷತ್ರಗಳನ್ನು ಅವರ ಕೋಣೆಯಲ್ಲೇ ಮಾಡಿದೆವು. ಮಾಡಿದೆವು ಅಂದರೆ ನಾನು ಮಾಡಿದೆ, ಅವರು ಸುತ್ತ ತಿರುಗುತ್ತಾ ಬೈದರು. ಕ್ರಿಸ್‌ಮಸ್ಸಿನ ಬೆಳಿಗ್ಗೆ ತಟ್ಟೆಯಲ್ಲಿ ಜೋಡಿಸಿ, ಅದೇ ಕಸೂತಿ ಬಟ್ಟೆ ಮುಚ್ಚಿ, ಮೆಟ್ಟಿಲಿಳಿದೆ. ಎರಡು ಮೆಟ್ಟಿಲಿಗೊಮ್ಮೆ ನಿಂತು ಬಟ್ಟೆ ಎತ್ತಿ ನೋಡಿದೆ. "ಕೊಡಿ ಇಲ್ಲಿ" ಎಂದು ಟೀಚರ್ ತಟ್ಟೆ ಕಸಿದುಕೊಂಡರು, ನನ್ನ ಜೊತೆಗೇ ಬಸ್ಸು ಹತ್ತಿದರು. ಹತ್ತಿದವರು ಕಂಬಿ ಹಿಡಿಯಲಿಲ್ಲ. ಸೀಟಿಗೆ ಹೋಗಿ, ತಟ್ಟೆಯನ್ನು ತೊಡೆಯ ಮೇಲಿಟ್ಟು, ಎರಡೂ ಕೈಯಲ್ಲಿ ಹಿಡಿದು ಕೂತರು. ಕಂಡಕ್ಟರ್ ಟಿಕೆಟ್ ಕೊಡುವುದನ್ನು ಬಿಟ್ಟು ನೋಡಿದ. ಕೋಟೇಶ್ವರ, ತೆಕ್ಕಟ್ಟೆ, ಕೋಟ, ಸಾಲಿಗ್ರಾಮ ದಾಟಿತು. ಅವರು ತಟ್ಟೆಯಿಂದ ಕೈ ತೆಗೆಯಲಿಲ್ಲ. ನಿಂತಿದ್ದವಳು ನಾನು.

ಮಗಳ ಮನೆಯ ಗೇಟಿನವರೆಗೂ ಅವರೇ ಹೊತ್ತು ತಂದರು. 

"ಒಳ್ಗೆ ಬನ್ನಿ ಟೀಚರೆ."

"ಈಗ್ಳ್ ನಂದೆಂತ ಕೆಲ್ಸ ಅಲ್ಲಿ? ಹೋಯ್ ಬನ್ನಿ. ತಟ್ಟಿ ಓರಿ ಮಾಡ್ಬೇಡಿ, ನಕ್ಷತ್ರ ಜಾರತ್ತ್."

ಬಾಗಿಲು ತೆಗೆದದ್ದು ಮಗಳೇ. ಅವಳು ನನ್ನ ಮುಖ ನೋಡಿದಳು, ತಟ್ಟೆ ನೋಡಿದಳು, ಅಮ್ಮ ಅಂದಳು. ಬೀಗಿತ್ತಿ ಒಳಗಿನಿಂದ ಸೆರಗಿಗೆ ಕೈ ಒರೆಸುತ್ತಾ ಬಂದರು. ಬಟ್ಟೆ ಸರಿಸಿ ಒಂದು ನಕ್ಷತ್ರ ಎತ್ತಿದರು. ಎತ್ತಿದವರು ಮೂಗಿನ ಹತ್ತಿರ ಒಯ್ದರು. ನಾನು ಬಿಟ್ಟ ಚಪ್ಪಲಿಯೊಳಗೆ ಮತ್ತೆ ಕಾಲು ತೂರಿಸಿದೆ.

"ವೆನಿಲಾ ಹಾಕಿದ್ದೀರಿ," ಅಂದರು ಬೀಗಿತ್ತಿ. "ಮನೆಯಲ್ಲೇ ಮಾಡಿದ್ದಾ?"

"ನನ್ನಮ್ಮ ಕಲ್ತ್ ಮಾಡಿದ್ದ್," ಅಂದಳು ಮಗಳು. ಅವಳಿಗೆ ಫೋನಿನಲ್ಲಿ ನಾನು ಏನನ್ನೂ ಹೇಳಿರಲಿಲ್ಲ. ಅಂಚಿನ ಗೆರೆಯಲ್ಲಿ ನನ್ನ ರಂಗೋಲಿಯ ಕೈ ಕಂಡೇ ಅವಳಿಗೆ ಗೊತ್ತಾಗಿತ್ತು. ನಾನು ಕಣ್ಣೊರೆಸಿಕೊಂಡು ಗೇಟಿನ ಕಡೆ ತಿರುಗಿದೆ, ಟೀಚರನ್ನು ಕರೆಯೋಣವೆಂದು. ಅವರು ಆಗಲೇ ಹೋಗಿದ್ದರು.

ಅದರ ನಂತರದ ವರ್ಷಗಳಲ್ಲಿ ತಟ್ಟೆ ಹೋಗುತ್ತಿತ್ತು, ಬರುತ್ತಿತ್ತು. ಒಯ್ಯುವವಳು, ತರುವವಳು ನಾನು. ಐಸಿಂಗ್ ಒಣಗಿಸಲು ಟೀಚರ ಕೋಣೆಯೇ ಗತಿ. ನಮ್ಮವರು ಒಂದು ನಕ್ಷತ್ರವನ್ನೂ ಬಾಯಿಗಿಡಲಿಲ್ಲ. ಹೋಗಿ ಬಂದ ದಿನ ಮಾತ್ರ ರಾತ್ರಿ ಊಟಕ್ಕೆ ಕೂತಾಗ, "ಬಸ್ಸ್ ಸಿಕ್ತಾ?" ಅನ್ನುತ್ತಿದ್ದರು. ಸಿಕ್ಕಿತು ಅನ್ನುತ್ತಿದ್ದೆ. ಅವರು ಕೇಳುತ್ತಿದ್ದದ್ದು ಬಸ್ಸಿನ ವಿಷಯವಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಆದರೆ ಮಾತು ಅದರಾಚೆ ಹೋಗಲಿಲ್ಲ.

ಈ ವರ್ಷ ಮಳೆಗಾಲದ ಹೊತ್ತಿಗೆ ಟೈಲರ್ ಅಂಗಡಿಯ ಮೇಲಿನ ಕೋಣೆಗೆ ಬೀಗ ಬಿತ್ತು. ಗೋವಾಕ್ಕೆ ಹೋದರು, ವಾಪಸು ಮುಂಬೈಗೆ ಹೋದರು ಎಂದು ಒಬ್ಬೊಬ್ಬರು ಒಂದೊಂದು ಹೇಳಿದರು. ತಿರುಗುವ ಕಾಲು, ಎಲ್ಲಿಗಾದರೂ ಹೋಗಿರುತ್ತದೆ ಎಂದು ನಾನೂ ಸುಮ್ಮನಿದ್ದೆ. ಕಂಡಕ್ಟರ್ ಹೇಳಿದ ಮೇಲೆಯೇ ತಿಳಿದದ್ದು. ಅವರು ಉಪ್ಪುಂದದಲ್ಲಿ ಇಳಿದಿದ್ದರು, ಆ ಓಣಿಯಲ್ಲಿ ನಡೆದು ಹೋಗಿದ್ದರು. ಅಣ್ಣ ಒಳಗೆ ಬಾ ಅಂದಿರಬೇಕು. ಅಲ್ಲಿ ಒಂದು ಮಳೆಗಾಲ ಅವರು ಕೂತಿದ್ದಿರಬಹುದು. ಅದೊಂದನ್ನು ನೆನೆದರೆ ಹೊಟ್ಟೆ ತಣ್ಣಗಾಗುತ್ತದೆ, ಮರುಕ್ಷಣವೇ ಉರಿಯುತ್ತದೆ. ಇಷ್ಟೊಂದು ವರ್ಷ ಆ ಓಣಿಯ ಮುಂದೆ ಹಾದು ಹೋಗಿ, ಬೈಂದೂರು ಮುಟ್ಟಿ, ವಾಪಸು ಬಂದದ್ದಕ್ಕೆ ಯಾರು ಲೆಕ್ಕ ಕೊಡುತ್ತಾರೆ?

ಮನೆಗೆ ಬಂದು ನಮ್ಮವರಿಗೆ ಹೇಳಿದೆ. "ಟೀಚರ್ ಹೋದ್ರಂಬ್ರ್. ಈ ವರ್ಷ ನಾನ್ ಮಾಡುದಿಲ್ಲೆ. ಒಣಗ್ಸುಕೆ ಜಾಗ ಇಲ್ಲೆ." ಉಪ್ಪುಂದದ ಸಂಗತಿ, ಬಸ್ಸಿನ ಬಾಗಿಲು, ಓಣಿ, ಅಣ್ಣ, ಎಲ್ಲವನ್ನೂ ಹೇಳಿದೆ. ಯಾವತ್ತಿನಂತೆ ಎದ್ದು ಚೀಲ ಸರಿಸಲು ಹೋಗುತ್ತಾರೆಂದುಕೊಂಡೆ. ಅವರು ಕೂತೇ ಕೇಳಿದರು.

"ಇಳಿವತ್ತಿಗೆ ಎಷ್ಟ್ ವರ್ಷ ಆಯಿತ್ತಂಬ್ರ್?"

"ಯಾರಿಗ್ ಗೊತ್ತ್? ಮಸ್ತ್ ವರ್ಷ."

ಮಾರನೆಯ ಬೆಳಿಗ್ಗೆ ಹೊರಕೋಣೆಯಲ್ಲಿ ದಡಬಡ ಸದ್ದು. ಹೋಗಿ ನೋಡಿದರೆ ನಮ್ಮವರು ಪಂಚೆ ಎತ್ತಿ ಕಟ್ಟಿ ಚೀಲಗಳನ್ನೆಲ್ಲ ಹೊರಗೆಳೆದು ರಸ್ತೆ ಬದಿಯ ಶೆಡ್ಡಿಗೆ ಸಾಗಿಸುತ್ತಿದ್ದರು. ಮಧ್ಯಾಹ್ನದ ಹೊತ್ತಿಗೆ ಕೋಣೆ ಬರಿದಾಯಿತು. ಲಿಂಬೆಹುಳಿ ಹಿಂಡಿದ ನೀರಿನಲ್ಲಿ ನೆಲ ತೊಳೆದರು, ಗೋಡೆ ತೊಳೆದರು, ಕಿಟಕಿ ತೆರೆದಿಟ್ಟರು. ಮತ್ತೂ ಒಂದು ದಿನ ಬಿಟ್ಟು ಮತ್ತೆ ತೊಳೆದರು. ಆಮೇಲೆ ಬಾಗಿಲಲ್ಲಿ ನಿಂತು ನನ್ನನ್ನು ಕರೆದರು.

"ಮೂಸಿ ಕಾಣ್. ಈಗ್ಳೂ ಬತ್ತಾ?"

ನನಗೆ ಬರುತ್ತಿತ್ತೋ ಇಲ್ಲವೋ ಹೇಗೆ ಗೊತ್ತಾಗಬೇಕು? ನಮ್ಮ ಮೂಗಿಗೆ ಅದು ಯಾವತ್ತೂ ಬಂದದ್ದೇ ಇಲ್ಲ. "ಇಲ್ಲೆ" ಅಂದೆ.

ಅದೇ ದಿನ ಕುಂದಾಪುರಕ್ಕೆ ಹೋಗಿ, ಮರೆತು ಬಂದಿದ್ದ ಸಕ್ಕರೆ ತಂದು, ನಕ್ಷತ್ರ ಬೇಯಿಸಿದೆ. ಮರುದಿನ ಆ ಕೋಣೆಯಲ್ಲೇ ಮೇಜು ಹಾಕಿ ಅಂಚಿನ ಗೆರೆ ಎಳೆದೆ. ನಮ್ಮವರು ಸುತ್ತಮುತ್ತ ತಿರುಗುತ್ತಿದ್ದರು. ಕೂತರು, ಎದ್ದರು, ಬಗ್ಗಿ ನೋಡಿದರು. ಫ್ಯಾನು ಜೋರು ಮಾಡಲೇ ಎಂದರು. ಆಯಿತಾ ಎಂದು ಬೆರಳು ಮುಂದೆ ತಂದರು.

"ಮುಟ್ಬೇಡಿ," ಅಂದೆ. "ಕೈ ಸುಮ್ನೆ ಇಪ್ಪುದಿಲ್ಲೆ ಅಂದ್ರೆ ಕಾಲಿಗೆ ಕೆಲ್ಸ ಕೊಡಿ."

ಅವರು ಬೆರಳು ಹಿಂದೆಗೆದರು. ಒಳಗೆ ಹೋಗಿ ಬಿಳಿ ಪಂಚೆ ಉಟ್ಟು ಬಂದರು, ಚಪ್ಪಲಿ ಹಾಕಿಕೊಂಡರು. ಎಲ್ಲಿಗೆ ಎಂದು ನಾನು ಕೇಳಲಿಲ್ಲ. ಬಾಗಿಲೆಳೆದುಕೊಂಡು ಹಿಂದೆಯೇ ಹೊರಟೆ. ಕುಂದಾಪುರದಲ್ಲಿ ಇಳಿದೆವು. ಸ್ಟ್ಯಾಂಡಿನಲ್ಲಿ ಬ್ರಹ್ಮಾವರದ ಬಸ್ಸು ನಿಂತಿತ್ತು, ಅವರು ನನಗಿಂತ ಮೊದಲು ಹತ್ತಿದರು. ತಟ್ಟೆ ಮನೆಯಲ್ಲೇ ಇತ್ತು. ತಟ್ಟೆಯಿಲ್ಲದೆ ನಾನು ಆ ಮನೆಗೆ ಹೊರಟಿದ್ದು ಅದೇ ಮೊದಲು.

"ಎಲ್ಲಿಗೆ?" ಎಂದು ಕಂಡಕ್ಟರ್ ಕೇಳಿದ.

ನಮ್ಮವರು ಊರಿನ ಹೆಸರು ಹೇಳಲಿಲ್ಲ. "ಮಗ್ಳ್ ಮನಿಗೆ" ಅಂದರು. ಕಂಡಕ್ಟರ್ ನನ್ನ ಮುಖ ನೋಡಿದ. ನಾನು ಬ್ರಹ್ಮಾವರ, ಎರಡು ಅಂದೆ.

ಸೀಟು ಬೇಕಾದಷ್ಟು ಖಾಲಿ ಇತ್ತು. ನಾನು ಕೂತೆ. ಅವರು ಕೂರಲಿಲ್ಲ. ಮುಂದಿನ ಬಾಗಿಲಿನ ಹತ್ತಿರ, ಟೀಚರ್ ಹಿಡಿಯುತ್ತಿದ್ದ ಕಂಬಿಯನ್ನೇ ಹಿಡಿದು, ಬ್ರಹ್ಮಾವರದವರೆಗೂ ನಿಂತೇ ಬಂದರು.